ತೆಂಗಿನ ನೆರಳಿನ ಅರಿಶಿನವೂ ಮನೆಯ ಹಾಲೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ರೈತರು ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ವರ್ಷದವರೆಗೂ ಅಟ್ಟದ ಮೇಲಿಟ್ಟು ಕಾಯುವರು. ಇಷ್ಟು ತಾಳ್ಮೆಯುಳ್ಳವರು, ಮಕ್ಕಳಿಗೆ ನೆಗಡಿಯಾದಾಗ ಕೊಡುವ ಹಾಲಿಗೆ ಅಂಗಡಿಯ ಅರಿಶಿನದ ಪುಡಿಯನ್ನೇ ನಂಬಿರುವುದು ಉಚಿತವಲ್ಲ. ಬಣ್ಣ ಬರಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟನ್ನು ಬೆರೆಸುವ ದುಷ್ಟಪದ್ಧತಿಯುಂಟು; ಸೀಸವು ಎಳೆಯ ಮಕ್ಕಳ ಮಿದುಳಿಗೆ ವಿಷವು.

ಅರಿಶಿನವು ತೆಂಗಿನ ಅರೆನೆರಳಿನಲ್ಲಿ ಚೆನ್ನಾಗಿ ಬೆಳೆಯತಕ್ಕ ಪೈರು. ನೀರಿನ ಅನುಕೂಲವುಳ್ಳ ತೋಟದಲ್ಲಿ ಮುಂಗಾರಿನ ಆರಂಭಕ್ಕೆ ನೆಟ್ಟರೆ ಎಂಟೊಂಬತ್ತು ತಿಂಗಳಲ್ಲಿ ಗೆಡ್ಡೆಯನ್ನು ಅಗೆಯಬಹುದು. ಅದನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಪುಡಿಮಾಡಿಡಬೇಕು.

ಒಂದು ಲೋಟ ಹಾಲಿಗೆ ಕಾಲು ಚಮಚ ಪುಡಿಯನ್ನೂ ಜಜ್ಜಿದ ಎರಡು ಮೆಣಸಿನ ಕಾಳನ್ನೂ ಸೇರಿಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಬೇಕು. ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕತಕ್ಕದ್ದು. ಕುದಿಯುವಾಗ ಹಾಕಿದರೆ ಹಾಲು ಒಡೆಯುವ ಸಂಭವವುಂಟು. ಮೆಣಸನ್ನು ಬಿಡಲಾಗದು. ಅದರ ಸತ್ತ್ವವು ಅರಿಶಿನದ ಸಾರವನ್ನು ದೇಹವು ಹೀರಿಕೊಳ್ಳಲು ಬಹಳ ನೆರವಾಗುವುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು.

ಕೆಮ್ಮು ನಿಲ್ಲದಿದ್ದರೆ ವೈದ್ಯರನ್ನೇ ಕಾಣಬೇಕು. ಆದರೆ ಪ್ರತಿ ತೋಟದಲ್ಲಿಯೂ ಅರಿಶಿನಕ್ಕೆಂದು ಒಂದೆರಡು ಮಡಿಗಳನ್ನು ಮೀಸಲಿಡುವುದು ಗೃಹಸ್ಥರಿಗೆ ಅತ್ಯಂತ ಯುಕ್ತವಾದ ಕಾರ್ಯವು.