ದೂರವೈದ್ಯದ ಲೆಕ್ಕ ಸಿಂಧನೂರಿನಿಂದಲೂ ಬರಲಿ

ಟೆಲಿಮೆಡಿಸಿನ್ ಕುರಿತ ಸಂಶೋಧನಾ ಪ್ರಬಂಧಗಳನ್ನು ದೇಶವಾರು ಎಣಿಸಿದರೆ ಅಮೆರಿಕ ಉಳಿದವರಿಗಿಂತ ಬಹಳ ಮುಂದಿದೆ. ಈ ಕ್ಷೇತ್ರದ ಎರಡು ಮುಖ್ಯ ನಿಯತಕಾಲಿಕೆಗಳು 1995ರಲ್ಲಿ ಹುಟ್ಟಿದ್ದೂ ಅಮೆರಿಕ, ಬ್ರಿಟನ್‌ಗಳಲ್ಲೇ. 2020ರ ಕೋವಿಡ್ ಬಳಿಕವಂತೂ ಪ್ರಬಂಧಗಳ ಪ್ರವಾಹವೇ ಹರಿಯಿತು. ಇತ್ತ ಭಾರತ ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿ 2023ರ ಫೆಬ್ರುವರಿ ಹೊತ್ತಿಗೆ 10 ಕೋಟಿ ಸಮಾಲೋಚನೆ ದಾಟಿತ್ತು. ಸಂಖ್ಯೆ ದೊಡ್ಡದೇ, ಆದರೆ ಅದು ಹೇಳುವುದು ಎಷ್ಟು ಕರೆಗಳಾದವು ಎಂಬುದನ್ನಷ್ಟೆ. ಬರೆದುಕೊಟ್ಟ ಗುಳಿಗೆ ಸಿಕ್ಕಿತೇ, ರೋಗಿ ಮತ್ತೆ ಬಂದನೇ, ಕಾಯಿಲೆ ಹತೋಟಿಗೆ ಬಂತೇ ಎಂದು ತಿಳಿಯಲು ಬೇರೆಯೇ ಅಧ್ಯಯನ ಬೇಕು. ಅದನ್ನು ಬೋಸ್ಟನ್ನಿನವರು ಮಾಡಿಕೊಡಲಾರರು.

ಕಲ್ಯಾಣ ಕರ್ನಾಟಕದ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಕೀಟನಾಶಕ ಸಿಂಪಡಿಸುವವರು, ಹಟ್ಟಿಯ ಚಿನ್ನದ ಗಣಿಯಲ್ಲಿ ದೂಳು ಕುಡಿಯುವವರು, ಒಣಭೂಮಿಯಿಂದ ಬೆಂಗಳೂರಿಗೆ ಗುಳೆ ಹೋಗುವವರು, ಸಿಂಧನೂರು ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡುವವರು ಎಲ್ಲರೂ ಇಲ್ಲಿದ್ದಾರೆ. ಉಪಕೇಂದ್ರದಲ್ಲಿ ಬಿಪಿ ಔಷಧ ಶುರುಮಾಡಿದವನು ಗುಳೆ ಹೋದ ಮೇಲೆ ಅವನ ಚಿಕಿತ್ಸೆಯನ್ನು ಫೋನ್ ಮುಂದುವರಿಸಬಲ್ಲದೇ? ವಿಮೆಯ ಮರುಪಾವತಿಯ ಸುತ್ತ ಬರೆದ ಅಮೆರಿಕದ ಪ್ರಬಂಧಗಳಲ್ಲಿ ಇದಕ್ಕೆ ಉತ್ತರ ಹುಡುಕುವುದು ವ್ಯರ್ಥ. ಭಾರತದ ಬರಹಗಳಲ್ಲೂ ಮಹಾನಗರಗಳ ದೊಡ್ಡ ಸಂಸ್ಥೆಗಳದೇ ಹೆಚ್ಚಿನ ದನಿ.

ವೈದ್ಯರೇ ಸಾಲದಿರುವಲ್ಲಿ ಪ್ರಬಂಧ ಬರೆಯುವವರು ಯಾರು ಎಂದು ಕೇಳಬಹುದು. ಆಕ್ಷೇಪ ಹಗುರವಲ್ಲ, ಹೊರರೋಗಿಗಳ ಸಾಲು ಬಿಟ್ಟು ಬರೆಯಲು ಕೂರಿ ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಹೇಳುವುದು ಅನ್ಯಾಯವೇ. ಆದರೆ ನಮ್ಮಲ್ಲೇ ಒಂದು ದಾರಿ ಕಂಡಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ, ದಿನ ತುಂಬದೆ ಹುಟ್ಟಿದ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆದರು. ತಜ್ಞರು ಅವನ್ನು ದೂರದಿಂದ ಓದಿದರು. ಆ ಕೆಲಸವೇ ಪ್ರಬಂಧಗಳಾಗಿ ಹೊರಬಂತು. ಚಿಕಿತ್ಸೆ ಕೊಡುತ್ತಲೇ ದಾಖಲೆ ಸರಿಯಾಗಿ ಇಟ್ಟದ್ದರಿಂದ ಸಂಶೋಧನೆ ಬೇರೆ ಹೊರೆಯಾಗಲಿಲ್ಲ. ದೊಡ್ಡ ಆಸ್ಪತ್ರೆಯ ಬೆನ್ನೆಲುಬು ಅದಕ್ಕಿತ್ತು, ನಿಜ. ಸಿಂಧನೂರಿಗೆ ಅಂಥ ಬೆನ್ನೆಲುಬಾಗಿ ಕಲ್ಯಾಣ ಕರ್ನಾಟಕದ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಹೇಗೂ ಮಹಾಪ್ರಬಂಧ ಬರೆಯಲೇಬೇಕು. ಬರೆದವು ಬಹುಪಾಲು ಗ್ರಂಥಾಲಯದ ಕಪಾಟು ಸೇರುತ್ತವೆ. ರೋಗಿಯ ಹೆಸರು, ಗುರುತು ಅಳಿಸಿದ ಇ-ಸಂಜೀವಿನಿ ದಾಖಲೆಯನ್ನು, ನೈತಿಕ ಸಮಿತಿಯ ಒಪ್ಪಿಗೆಯೊಡನೆ, ಸರ್ಕಾರ ಅವರ ಕೈಗೆ ಕೊಡಲಿ. ಹಲವು ಒಳ್ಳೆಯ ನಿಯತಕಾಲಿಕೆಗಳು ಕೇಳುವ ಪ್ರಕಟಣಾ ಶುಲ್ಕವನ್ನು ವಿದ್ಯಾರ್ಥಿಯ ಜೇಬಿಗೆ ಹೊರಿಸದೆ ಸರ್ಕಾರ ಭರಿಸಲಿ, ಪ್ರಬಂಧದ ಕನ್ನಡ ಸಾರಾಂಶವೊಂದು ಆಯಾ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗೂ ತಲುಪಲಿ.