ಕೊಪರ್ನಿಕಸ್‌ನ ಊರಿನಲ್ಲಿ ಒಂದು ದಿನ

ಕೊಪರ್ನಿಕಸ್ ಹುಟ್ಟಿದ ಊರು ಯಾವುದೆಂದು ಕೇಳಿದರೆ ಮಕ್ಕಳು ‘ಪೋಲೆಂಡ್’ ಎಂದು ದೇಶದ ಹೆಸರು ಹೇಳಿ ಸುಮ್ಮನಾಗುತ್ತಾರೆ. ಊರಿನ ಹೆಸರು ತೊರುನ್. ವಾರ್ಸಾದಿಂದ ವಾಯವ್ಯಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ವಿಸ್ಟುಲಾ ನದಿಯ ದಂಡೆಯ ಮೇಲಿದೆ. 1473ರ ಫೆಬ್ರವರಿ 19ರಂದು ಆತ ಹುಟ್ಟಿದ್ದು ಇಲ್ಲಿಯ ಒಬ್ಬ ವರ್ತಕನ ಮನೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ವಾರ್ಸಾ ನೆಲಸಮವಾದರೂ ತೊರುನ್‌ನ ಕೆಂಪು ಇಟ್ಟಿಗೆಯ ಹಳೆಯ ಪೇಟೆ ಹೆಚ್ಚು ಪೆಟ್ಟಿಲ್ಲದೆ ಉಳಿಯಿತು. 1997ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಮಕ್ಕಳು ಓದಲು ಪೋಲೆಂಡಿಗೂ ಹೋಗುತ್ತಿದ್ದಾರೆ. ಅವರನ್ನು ನೋಡಲು ತಂದೆ ತಾಯಿ ಸಾಲ ಸೋಲ ಮಾಡಿ ವಿಮಾನ ಹತ್ತುತ್ತಾರೆ. ವಾರ್ಸಾ, ಕ್ರಾಕೋವ್ ನೋಡಿ, ಫೋಟೋ ತೆಗೆಸಿಕೊಂಡು, ಕೋಣೆಯಲ್ಲಿ ಕುಳಿತು ಮನೆಯಿಂದ ತಂದ ಚಟ್ನಿಪುಡಿ ಮುಗಿಸಿ ಮರಳಿದರೆ ಅಷ್ಟು ಖರ್ಚಿಗೆ ಸಿಕ್ಕಿದ್ದೇನು? ಒಂದು ದಿನ ಉಳಿಸಿಕೊಂಡು ತೊರುನ್‌ಗೆ ಹೋಗಿ. ಅದು ನಾಲಿಗೆಗೂ ಮೈಗೂ ಪಾಠ ಹೇಳುವ ಊರು.

ಮೊದಲು ನಾಲಿಗೆಯ ಪಾಠ. ತೊರುನ್‌ನ ಹೆಸರುವಾಸಿ ತಿನಿಸು ‘ಪಿಯೆರ್ನಿಕ್’. ಹಿಟ್ಟು, ಜೇನು, ಶುಂಠಿ, ದಾಲ್ಚಿನ್ನಿ, ಲವಂಗ ಸೇರಿಸಿ ಬೇಯಿಸಿದ ಮಸಾಲೆ ಬಿಸ್ಕತ್ತು. ಈ ಹೆಸರು ಬಂದದ್ದು ‘ಮೆಣಸಿನ ಖಾರವುಳ್ಳದ್ದು’ ಎಂಬರ್ಥದ ಹಳೆಯ ಪೋಲಿಷ್ ಪದದಿಂದ. ಅದರ ಮೂಲ ಹುಡುಕುತ್ತ ಹೋದರೆ ಲ್ಯಾಟಿನ್‌ನ ‘ಪೀಪರ್’, ಅದರ ಹಿಂದೆ ಗ್ರೀಕ್, ಅದರಾಚೆ ನಮ್ಮ ‘ಪಿಪ್ಪಲಿ’! ಅಜ್ಜಿ ಕಷಾಯಕ್ಕೆ ಹಾಕುವ ಹಿಪ್ಪಲಿಯೂ ಅದೇ ಪದ. ಭಾರತದ ಕರಾವಳಿಯಿಂದ ಹೊರಟ ಮೆಣಸು ಹತ್ತಾರು ವರ್ತಕರ ಕೈ ದಾಟಿ ವಿಸ್ಟುಲಾ ದಂಡೆ ಸೇರಿತು. ಸಾಂಬಾರ ಪದಾರ್ಥದ ಜೊತೆ ಮಾತೂ ಪ್ರಯಾಣ ಮಾಡಿತು.

ಈ ಬಿಸ್ಕತ್ತು ಬಹುದಿನ ಕೆಡುವುದಿಲ್ಲ. ಜೇನಿನ ಸಕ್ಕರೆ ನೀರನ್ನು ಬಿಗಿಯಾಗಿ ಹಿಡಿದಿಡುವುದರಿಂದ ಸೂಕ್ಷ್ಮಜೀವಿಗಳಿಗೆ ನೀರು ದಕ್ಕುವುದಿಲ್ಲ. ಜೇನಿನಲ್ಲಿರುವ ಫ್ರಕ್ಟೋಸ್ ಗಾಳಿಯ ತೇವವನ್ನೂ ಹೀರುತ್ತದೆ. ಹೀಗಾಗಿ ಬೆಂದಾಗ ಗಟ್ಟಿಯಿದ್ದ ಬಿಸ್ಕತ್ತು ಕೆಲವು ದಿನಗಳ ನಂತರ ಮೆತ್ತಗಾಗುತ್ತದೆ. ಚಕ್ಕುಲಿ ಮೆತ್ತಗಾದರೆ ನಾವು ಮುಖ ಸಿಂಡರಿಸುತ್ತೇವೆ. ಅಲ್ಲಿ ಮೆತ್ತಗಾಗಲೆಂದೇ ಕಾಯುತ್ತಾರೆ. ಇದಕ್ಕಾಗಿ ಮೀಸಲಾದ ಮ್ಯೂಸಿಯಂಗಳಲ್ಲಿ ನೀವೇ ಹಿಟ್ಟು ನಾದಿ ಮರದ ಅಚ್ಚಿಗೆ ಒತ್ತಬಹುದು. ಸಂಕ್ರಾಂತಿಯ ಸಕ್ಕರೆ ಅಚ್ಚು ಎರೆದ ತಾಯಂದಿರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. 1825ರಲ್ಲಿ ಇಲ್ಲಿಗೆ ಬಂದಿದ್ದ ಸಂಗೀತಗಾರ ಶೋಪಾನ್, ಊರಿನ ಉಳಿದೆಲ್ಲ ವೈಭವಕ್ಕಿಂತ ಪಿಯೆರ್ನಿಕ್ಕೇ ಮನಸ್ಸಿಗೆ ಹಿಡಿಸಿತೆಂದು ಗೆಳೆಯನಿಗೆ ಕಾಗದ ಬರೆದ.

ಮಧ್ಯಾಹ್ನದ ಊಟಕ್ಕೆ ‘ಬಾರ್ ಮ್ಲೆಚ್ನಿ’ ಹುಡುಕಿ. ಬಾರ್ ಎಂದು ಗಾಬರಿಯಾಗಬೇಡಿ, ಹೆಸರಿನ ಅರ್ಥ ‘ಹಾಲಿನ ಬಾರ್’. ಅದು ಕಡಿಮೆ ದರದ ಊಟದ ಮನೆ. ಅಲ್ಲಿ ‘ಪಿಯೆರೋಗಿ’ ಸಿಗುತ್ತದೆ. ಆಕಾರದಲ್ಲಿ ಕರ್ಜಿಕಾಯಿಯಂತೆ, ಆದರೆ ನೀರಿನಲ್ಲಿ ಬೇಯಿಸಿದ್ದು. ಆಲೂಗಡ್ಡೆ ಮತ್ತು ಗಿಣ್ಣಿನ ಹೂರಣದ್ದೂ ಉಂಟು. ಮೇಲೆ ಹುರಿದ ಮಾಂಸದ ಚೂರು ಉದುರಿಸುವ ರೂಢಿಯಿದೆ. ಆದ್ದರಿಂದ ಸಸ್ಯಾಹಾರಿಗಳು ‘ಬೆಜ್ ಮಿಯೆನ್ಸಾ’, ಅಂದರೆ ಮಾಂಸ ಬೇಡ, ಎಂದು ಮೊದಲೇ ಹೇಳಬೇಕು.

ಸಂಜೆ ಮೈಗೆ ಪಾಠ. ಕೋಟೆಗೋಡೆಯಲ್ಲಿ ಸುಮಾರು 15 ಮೀಟರ್ ಎತ್ತರದ ವಾಲುಗೋಪುರವೊಂದಿದೆ. ತಳದ ನೆಲ ಸಡಿಲವಾಗಿದ್ದರಿಂದ ಅದು ಸುಮಾರು ಒಂದೂವರೆ ಮೀಟರ್ ವಾಲಿದೆ. ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ, ಎರಡೂ ಕೈ ಮುಂದೆ ಚಾಚಿ ಬೀಳದೆ ನಿಂತವರು ಪಾಪವಿಲ್ಲದವರೆಂದು ಅಲ್ಲಿಯ ನಂಬಿಕೆ. ಎಂಥ ಪುಣ್ಯವಂತರೂ ಮುಗ್ಗರಿಸುತ್ತಾರೆ! ಕಾರಣ ಪಾಪವಲ್ಲ, ಗುರುತ್ವ ಕೇಂದ್ರ. ಅದರಿಂದ ಇಳಿಬಿಟ್ಟ ನೇರ ಗೆರೆ ಪಾದಗಳ ಆಚೆ ಬಿದ್ದರೆ ದೇಹ ನಿಲ್ಲದು. ವಾಲಿದ ಗೋಡೆ ಬೆನ್ನನ್ನು ಮುಂದೆ ತಳ್ಳುತ್ತದೆ, ಚಾಚಿದ ಕೈಗಳು ಆ ಗೆರೆಯನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತವೆ.

ಪೇಟೆಯ ಚೌಕದಲ್ಲಿ 1853ರ ಕೊಪರ್ನಿಕಸ್ ಪ್ರತಿಮೆಯಿದೆ. ಭೂಮಿಯನ್ನು ಚಲಿಸುವಂತೆ ಮಾಡಿ ಸೂರ್ಯನನ್ನು ನಿಲ್ಲಿಸಿದವನು ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ಅವನ ಗ್ರಂಥ ಅಚ್ಚಾದದ್ದು 1543ರಲ್ಲಿ, ಅವನು ತೀರಿಕೊಂಡ ವರ್ಷವೇ. ಹತ್ತಿರದಲ್ಲೇ, ಹಿಂದೆ ಗ್ಯಾಸ್ ತುಂಬಿಡುತ್ತಿದ್ದ ಕಟ್ಟಡದೊಳಗೆ 1994ರಲ್ಲಿ ತೆರೆದ ತಾರಾಲಯವಿದೆ. ‘ಎಲ್ಲರೂ ಒಪ್ಪಿದ್ದನ್ನು ಇವನೊಬ್ಬ ಏಕೆ ಒಪ್ಪಲಿಲ್ಲ?’ ಎಂದು ಮಕ್ಕಳನ್ನು ಕೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಪೋಲೆಂಡಿಗೆ ಹೋಗಲಾಗದವರಿಗೂ ಒಂದು ಪ್ರಯೋಗ ಇದೆ. ಮನೆಯ ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಿ. ಕಾಲ ಬೆರಳಿನ ಮುಂದೆ ಒಂದು ರೂಪಾಯಿ ನಾಣ್ಯವಿಟ್ಟು, ಮೊಣಕಾಲು ಮಡಿಸದೆ, ಹಿಮ್ಮಡಿ ಸರಿಸದೆ ಅದನ್ನು ಎತ್ತಿಕೊಳ್ಳಿ. ಅಪ್ಪನೂ ಪಕ್ಕದಲ್ಲಿ ನಿಂತು ಯತ್ನಿಸಲಿ. ಏಕೆ ಆಗಲಿಲ್ಲವೆಂದು ಮಗುವೇ ವಿವರಿಸಲಿ.