ಹುಡುಗನ ಹಲಗೆಗೆ ಟ್ರ್ಯಾಕ್ಟರು, ದೊಡ್ಡವರ ಕಾಂಕ್ರೀಟಿಗೆ ಸಲಾಮು!

ನಮ್ಮ ಪುರಸಭೆಯವರು ಕಳೆದ ವಾರ ರಸ್ತೆ ಒತ್ತುವರಿ ತೆರವು ಮಾಡಿದರು. ಭೇಷ್! ಆದರೆ ತೆರವಾದದ್ದೇನು ಗೊತ್ತೇ ಸ್ವಾಮಿ? ಒಬ್ಬ ಅಪ್ಪ ತನ್ನ ಹತ್ತು ವರ್ಷದ ಮಗನ ಸೈಕಲ್ಲಿಗೆಂದು ಮನೆ ಮುಂದೆ ಮಾಡಿಕೊಟ್ಟಿದ್ದ ರ‍್ಯಾಂಪು. ಒಂದು ಸೆಂಟ್ರಿಂಗ್ ಹಲಗೆ, ಕೆಳಗೆ ನಾಲ್ಕು ಇಟ್ಟಿಗೆ. ಬೀದಿ ಹುಡುಗರೆಲ್ಲ ದೂರದಿಂದ ತುಳ್ಕೊಂಡು ಬಂದು, ಅದರ ಮೇಲೆ ಹತ್ತಿಸಿ ಹಾರಿಸುತ್ತಿದ್ದರು. ಅದನ್ನು ಕಸದ ಟ್ರ್ಯಾಕ್ಟರಿಗೆ ಎತ್ತಿ ಹಾಕಿಕೊಂಡು ಹೋದರು. ಸಾರ್ವಜನಿಕರಿಗೆ ಅಡ್ಡಿಯಂತೆ!

ಅದೇ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಮನೆಮನೆಯ ಗೇಟಿನ ಮುಂದೆ ಚರಂಡಿ ಮುಚ್ಚಿ, ರಸ್ತೆಗೆ ಮೂರು ನಾಲ್ಕು ಅಡಿ ಚಾಚಿದ ಕಾಂಕ್ರೀಟು ರ‍್ಯಾಂಪು. ಕಾರು ಹತ್ತಬೇಕಲ್ಲ! ಮಳೆ ಬಂದರೆ ನೀರಿಗೆ ದಾರಿಯಿಲ್ಲ. ಹೂಳೆತ್ತೋಣವೆಂದರೆ ಪೌರಕಾರ್ಮಿಕರಿಗೆ ಸಲಿಕೆ ಹಾಕಲು ಸಂದಿಯಿಲ್ಲ. ಇದು ಅಡ್ಡಿಯಲ್ಲ, ಅಂತಸ್ತು! ಇನ್ನು ರಸ್ತೆ ಉಬ್ಬುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರಲ್ಲಿ ಗುತ್ತಿಗೆದಾರರಿಗೆ ತೋಚಿದಷ್ಟು, ಗೋರಿ ಕಟ್ಟಿದ ಹಾಗೆ. ಹಲಗೆ ಕಳಕೊಂಡ ಹುಡುಗರು ಈಗ ಮೇನ್ ರೋಡಿನ ಉಬ್ಬಿನ ಮೇಲೆಯೇ ಸೈಕಲ್ ಹಾರಿಸುತ್ತಿದ್ದಾರೆ. ಎದುರಿಗೆ ಲಾರಿ, ಹಿಂದೆ ಆಟೋ. ಯಾರಿಗೆ ಕ್ಷೇಮ ಇದು?

ಹುಡುಗನ ಅಪ್ಪನಿಗೂ ಎರಡು ಮಾತು ಹೇಳಬೇಕು. ಇಟ್ಟಿಗೆ ಮೇಲೆ ಹಲಗೆ ಒರಗಿಸಿದರೆ ಅದು ರ‍್ಯಾಂಪಲ್ಲ. ಚಕ್ರ ತಾಗಿದ ಏಟಿಗೆ ಇಟ್ಟಿಗೆ ಜರುಗುತ್ತದೆ, ಹುಡುಗನ ಹಲ್ಲು ಹೋಗುತ್ತದೆ. ಬಡಗಿಯ ಹತ್ತಿರ ಹೋಗಿ, ಎರಡೂ ಪಕ್ಕಕ್ಕೆ ಮುಕ್ಕೋನದ ಹಲಗೆ, ನಡುವೆ ಅಡ್ಡಪಟ್ಟಿ ಕೊಡಿಸಿ, ಮೇಲೆ 19 ಮಿ.ಮೀ. ಪ್ಲೈವುಡ್ ಹಾಕಿಸಿ. ಮೊಳೆ ಬೇಡ, ಸ್ಕ್ರೂ ಹಾಕಿಸಿ. ಮೊಳೆ ಎದ್ದರೆ ಟೈರೂ ಹೋಯ್ತು, ಕಾಲೂ ಹೋಯ್ತು. ಕಲಿಯುವವನಿಗೆ 9 ಅಂಗುಲ ಎತ್ತರ ಧಾರಾಳ. ಉದ್ದ 3 ಅಡಿಗೆ ಕಡಿಮೆ ಬೇಡ, ಅಗಲ 2 ಅಡಿ. ಕೆಳ ಅಂಚಿಗೆ ತಗಡು ಹೊಡೆಸಿದರೆ ಚಕ್ರ ಎಡವೋದಿಲ್ಲ. ತಲೆಗೆ ಹೆಲ್ಮೆಟ್ಟು, ಬ್ರೇಕು ಹಿಡಿಯುತ್ತದೆಯೇ ಅನ್ನೋದು ಮೊದಲೇ ನೋಡಿರಬೇಕು. ಹಾರಿ ಇಳಿಯುವ ಕಡೆ ಖಾಲಿ, ಸಮತಟ್ಟು ನೆಲ.

ಆ ನೆಲವೇ ಊರಲ್ಲಿಲ್ಲ! ‘ಓದು ಬಿಟ್ಟು ಇದೆಂಥ ಹುಚ್ಚಾಟ’ ಅನ್ನುವ ಹಿರಿಯರಿದ್ದಾರೆ. ಸಣ್ಣ ಚಕ್ರದ ಈ ಬಿಎಂಎಕ್ಸ್ ಸೈಕಲ್ ಓಟ 2008ರಲ್ಲೇ ಬೀಜಿಂಗ್ ಒಲಿಂಪಿಕ್ಸಿಗೆ ಬಂತು. ರ‍್ಯಾಂಪಿನ ಮೇಲಿನ ಕಸರತ್ತಿಗೆ 2021ರಲ್ಲಿ ಟೋಕಿಯೋದಲ್ಲಿ ಪದಕ ಕೊಟ್ಟರು. ನಮ್ಮ ಸರ್ಕಾರವೂ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಲು ಶುರು ಮಾಡಿತು. ಓಡಿಸೋದು ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಕಾಯ್ದೆಗೇನೂ ಬರವಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ 1985ರ ಕರ್ನಾಟಕ ಕಾಯ್ದೆ ಇದೆ. ನಮ್ಮ ಮೈದಾನದಲ್ಲಿ ಒಂದು ತಿಂಗಳು ಸೀರೆ ಮೇಳ, ಮರು ತಿಂಗಳು ಸೋಫಾ ಮೇಳ. ಪಾರ್ಕಿನಲ್ಲಿ ‘ಆಟ ಆಡಬಾರದು’ ಬೋರ್ಡು. ಉಳಿದದ್ದು ಸಂತೆ ಮಾಳ. ಮಂಗಳವಾರ ಬಿಟ್ಟರೆ ಆರು ದಿನ ಅಲ್ಲಿ ನಾಯಿಗಳದೇ ನಿದ್ದೆ. ಒಂದು ಮೂಲೆಯಲ್ಲಿ 60 ಅಡಿ ಉದ್ದದ ಜಾಗ ಗುರುತು ಮಾಡಿಕೊಟ್ಟರೆ ಪುರಸಭೆಗೆ ಖರ್ಚು ಸುಣ್ಣದ ಪುಡಿಯದ್ದು ಮಾತ್ರ. ಮಾಳದ ಗೇಟಿನ ಬೀಗದ ಕೈ ಯಾರ ಹತ್ರ ಇದೆ, ಮುಖ್ಯಾಧಿಕಾರಿಗಳು ಹೇಳಲಿ.